ಗುಂಡ್ಲುಪೇಟೆಯಲ್ಲಿ ಬಿದ್ದ ಗಂಟು

ಗುಂಡ್ಲುಪೇಟೆಯಲ್ಲಿ ಜಡೆ ಗಂಟಾದದ್ದು ಕೆಂಪಮ್ಮಕ್ಕನಿಂದ ಅಲ್ಲ. ನನ್ನಿಂದ. ಕಾಲು ಜಾರಿ ಅಲ್ಲ, ಲೆಕ್ಕ ಮರೆತು ಅಲ್ಲ — ಬೇಕೆಂದೇ. ಒಳಗೆ ಹೋಗಬೇಕಾದ ಕಡೆ ಹೊರಗೆ ಹೋದೆ. ಇಷ್ಟು ಹೇಳುವುದಕ್ಕೆ ನನಗೆ ಮೂವತ್ತು ವರ್ಷ ಹಿಡಿಯಿತು.

ನಮ್ಮೂರು ಹರವೆಯಲ್ಲಿ ಈಗಲೂ ಆ ಮಾತು ಬಂದರೆ, ಪಾಪ ಕೆಂಪಮ್ಮನಿಗೆ ವಯಸ್ಸಾಗಿತ್ತು, ಲೆಕ್ಕ ತಪ್ಪಿಹೋಯಿತು ಎನ್ನುತ್ತಾರೆ. ನಾನು ಅಲ್ಲೇ ಕೂತು ಕೇಳಿದ್ದೇನೆ. ಹೂಂಗುಟ್ಟಿದ್ದೇನೆ. ಓದಿದ್ದು ಮೂರನೇ ಕ್ಲಾಸು, ಒಂದು ಸಾಲು ಬರೆಯಲು ಹೊತ್ತು ಬೇಕು ನನಗೆ. ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ.

ಜಡೆ ಕೋಲಾಟ ನೋಡದವರಿಗೆ ಮೊದಲು ಅದನ್ನು ಹೇಳಬೇಕು. ಮರದ ಕೊಂಬೆಗೆ ಒಂದು ಕಬ್ಬಿಣದ ಬಳೆ ಕಟ್ಟಿ ಅದರಿಂದ ಎಂಟು ಹಗ್ಗ ಇಳಿಬಿಡುತ್ತಾರೆ. ನಮ್ಮವು ಹಳೇ ಸೀರೆ ಸೀಳಿ ಹೊಸೆದ ಹಗ್ಗಗಳು, ಒಂದೊಂದು ಒಂದೊಂದು ಬಣ್ಣ. ಎಂಟು ಜನ ಹೆಂಗಸರು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ನಾಲ್ವರು ಬಲಕ್ಕೆ ಸುತ್ತಿದರೆ ನಾಲ್ವರು ಎಡಕ್ಕೆ. ಎದುರು ಬಂದವಳ ಕೋಲಿಗೆ ಕೋಲು ಕೊಟ್ಟು, ಒಬ್ಬಳನ್ನು ಒಳಗಿನಿಂದ ದಾಟಿ ಮುಂದಿನವಳನ್ನು ಹೊರಗಿನಿಂದ ದಾಟುತ್ತ ಹೋಗಬೇಕು. ಹೋದಂತೆ ಹೋದಂತೆ ಮೇಲೆ ಹಗ್ಗಗಳು ಜಡೆಯಾಗುತ್ತವೆ. ಅರ್ಧ ಆಟ ಹೆಣೆಯುವುದು. ಮುಂದಾಳು ಹಾಡು ಬದಲಿಸಿದ ಕೂಡಲೇ ಎಲ್ಲರೂ ತಿರುಗಿ, ಬಂದ ದಾರಿಯಲ್ಲೇ ವಾಪಸು ಹೋಗಿ ಬಿಚ್ಚುವುದು ಇನ್ನರ್ಧ. ಹೆಣೆಯುವಾಗ ಒಬ್ಬಳು ಒಂದೇ ಸಲ ಒಳಗೆ ಹೊರಗೆ ತಪ್ಪಿಸಿದರೂ ನೋಡುವವರಿಗೆ ತಿಳಿಯುವುದಿಲ್ಲ. ಬಿಚ್ಚುವಾಗ ಗಂಟು ಬೀಳುತ್ತದೆ. ಆಗ ಎಂಟು ಜನವೂ ಹಗ್ಗ ಹಿಡಿದುಕೊಂಡು ನಿಂತಲ್ಲೇ ನಿಲ್ಲಬೇಕು.

ನಮ್ಮೂರಿನಲ್ಲಿ ಒಂದು ಕಟ್ಟು ಇತ್ತು. ಜಡೆಗೆ ಕತ್ತಿ, ಕುಡುಗೋಲು ತಾಕಿಸಬಾರದು. ಗಂಟು ಬಿದ್ದರೆ ಮುಂದಾಳೇ ಕೂತು ಕೈಯಿಂದ ಬಿಚ್ಚಬೇಕು. ಬಿಚ್ಚಿ ಮುಗಿಯುವವರೆಗೆ ಮೇಳದ ಯಾರೂ ನೀರು ಕುಡಿಯುವ ಹಾಗಿಲ್ಲ.

ಕೆಂಪಮ್ಮಕ್ಕ ನಮ್ಮ ಮುಂದಾಳು. ಅವಳಿಗೆ ಆಗಲೇ ಅರವತ್ತು ದಾಟಿತ್ತು, ಗಂಡ ತೀರಿಕೊಂಡಿದ್ದ. ಮೇಳದ ಹೆಜ್ಜೆಗಳನ್ನೆಲ್ಲ ಕಟ್ಟಿದವಳೇ ಅವಳು. ಹೊಲದಲ್ಲಿ ಕಳೆ ಕೀಳುತ್ತ ಕೀಳುತ್ತ ಎದ್ದು ನಿಂತು, ನಾಲ್ಕು ಹೆಜ್ಜೆ ಹಾಕಿ ನೋಡಿ, ಮತ್ತೆ ಕೂತು ಕಳೆ ಕೀಳುತ್ತಿದ್ದಳು. ಅವಳದು ಮೊದಲನೆಯ ಹಗ್ಗ, ಕೆಂಪು. ನನ್ನದು ಎರಡನೆಯದು, ಹಳದಿ. ಎರಡನೆಯ ಹಗ್ಗದವಳು ಮುಂದಾಳಿನ ಎದುರಿಗೆ ನಿಂತು ಮೊದಲ ಮೂರು ಪೆಟ್ಟು ಹೊಡೆಯಬೇಕು, ಆಮೇಲೆಯೇ ಉಳಿದವರು ಹೊರಡುವುದು. ಹದಿನೆಂಟು ವರ್ಷ ಆ ಮೂರು ಪೆಟ್ಟು ನಾನು ಹೊಡೆದಿದ್ದೆ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ, ಸುಗ್ಗಿ ಮುಗಿದ ಮೇಲೆ, ಗ್ರಾಮಸೇವಕ ಬಂದು ಗುಂಡ್ಲುಪೇಟೆಯ ಸ್ಕೂಲ್ ಮೈದಾನದಲ್ಲಿ ವಸ್ತುಪ್ರದರ್ಶನ ಇದೆ, ದೊಡ್ಡ ಅಧಿಕಾರಿಗಳು ಬರುತ್ತಾರೆ, ನಿಮ್ಮ ಜಡೆ ಕೋಲಾಟ ಆಗಬೇಕು ಎಂದ. ಅಲ್ಲಿಯವರೆಗೆ ನಾವು ಸುತ್ತಮುತ್ತಲ ಊರು ಬಿಟ್ಟು ಎಲ್ಲೂ ಕುಣಿದವರಲ್ಲ.

ಆ ವಾರವೇ ಕೆಂಪಮ್ಮಕ್ಕನ ಮಗ ಮಹದೇವಪ್ಪ ಬಂದ. ಚಾಮರಾಜನಗರದಲ್ಲಿ ಅರಿಸಿನದ ವ್ಯಾಪಾರ ಅವನದು, ಮನೆಯನ್ನೂ ಅಲ್ಲೇ ಮಾಡಿದ್ದ. ನಾವು ಕಣದಲ್ಲಿ ಕುಣಿತದ ಅಭ್ಯಾಸ ಮಾಡುತ್ತಿದ್ದೆವು. ಎಲ್ಲರ ಎದುರಿಗೇ ಅವನು ಕೇಳಿದ:

"ಅರವತ್ತಾದ್ ಮ್ಯಾಲೂ ನಿಮ್ಮವ್ವ ಕುಣಿತಾಳಂತಲ್ಲಪ್ಪ ಅಂತ ಅಂಗ್ಡಿಗ್ ಬಂದೋರು ನಗ್ತರೆ. ನನ್ ಮೊಖ ಎಲ್ಲಿಟ್ಕಳನವ್ವ?"

"ಮೊಖ ಅಂಗ್ಡೀಲೇ ಇಟ್ಕ ಮಗ. ಕುಣಿಯಾದು ನನ್ ಕಾಲು ತಾನೆ" ಎಂದಳು ಕೆಂಪಮ್ಮಕ್ಕ.

ನಾವೆಲ್ಲ ನಕ್ಕೆವು. ಅವನು ನಗಲಿಲ್ಲ.

"ಗುಂಡ್ಲುಪೇಟೆದೊಂದು ಆಗೋಗ್ಲಿ. ನಾನೂ ಬಂದು ನೋಡ್ತೀನಿ. ಸರಿಯಾಗ್ ಆದ್ರೆ ನೀನು ಸಾಯಗಂಟ ಕುಣಿ, ನಾನ್ ಬಾಯಿ ಬುಡಲ್ಲ. ಒಂದ್ ತಪ್ಪಾಗ್ಲಿ — ಅವತ್ತೇ ಕೋಲು ಕೆಳಗಿಡ್ಬೇಕು. ಆಣೆ ಮಾಡು."

ಅವಳು ಅವನ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದಳು. ನಾವು ಏಳು ಜನ ನೋಡಿದೆವು. ಆ ಆಣೆ ಗೊತ್ತಿದ್ದೂ ನಾನು ಮಾಡಿದ್ದು ಮಾಡಿದೆ. ಇದನ್ನು ಓದುವವರು ಈ ಒಂದು ಮಾತನ್ನು ಮರೆಯಬಾರದು.

ಆಗ ನನಗೆ ಐವತ್ತಕ್ಕೆ ಒಂದೆರಡು ಕಮ್ಮಿ. ಇಬ್ಬರು ಮೊಮ್ಮಕ್ಕಳಾಗಿದ್ದರು. ಬಲಮಂಡಿ ಆಗೊಮ್ಮೆ ಈಗೊಮ್ಮೆ ಹಿಡಿದುಕೊಳ್ಳುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹರಳೆಣ್ಣೆ ತಿಕ್ಕಿ, ಸೀರೆಯ ಒಳಗೆ ಬಟ್ಟೆ ಬಿಗಿದು ಹೋಗುತ್ತಿದ್ದೆ. ಒಳಗೆ ಹೀಗೆ ಒಂದನ್ನು ಮುಚ್ಚಿಟ್ಟುಕೊಂಡವಳಿಗೆ ಎದುರಿನವರ ಮಾತೆಲ್ಲ ಅದರ ಮೇಲೇ ಬಂದು ಬೀಳುತ್ತದೆ.

ಒಂದು ದಿನ ಕೆಂಪಮ್ಮಕ್ಕ ಕೇಳಿದಳು, "ಮಂಡಿ ಎಂಗದೆ ಸಿದ್ದಿ?"

"ನನ್ ಮಂಡಿಗೇನಾಗದೆ? ನಿನ್ದು ನೋಡ್ಕ" ಎಂದೆ.

"ನಂದೂ ನೋಡ್ಕತಾನೇ ಇವ್ನಿ ಕಣಮ್ಮಿ" ಎಂದು ನಕ್ಕಳು.

ಆ ನಗು ನನಗೆ ಸರಿ ಕಾಣಲಿಲ್ಲ. ಯಾಕೆ ಕೇಳಿದಳು? ಯಾರು ಹೇಳಿದರು? ಮರುದಿನ ನನ್ನನ್ನು ಒಬ್ಬಳನ್ನೇ ಕರೆದು, ಹೆಣೆಯುವ ಹಾಡು, ಬಿಚ್ಚುವ ಹಾಡು ಎರಡನ್ನೂ ಮೊದಲಿಂದ ಕೊನೆವರೆಗೆ ಹೇಳಿಸಿದಳು. ಎಲ್ಲಿ ಹಾಡು ಬದಲಿಸಬೇಕು ಅಂತ ಕೇಳಿದಳು. ಹೇಳಿದೆ. ಸರಿ ಹೋಗು ಎಂದಳು. ಯಾಕೆ ಹೇಳಿಸಿದಳು? ಮುಂದಾಳಿಗೆ ಗೊತ್ತಿಲ್ಲದ ಹಾಡೇ? ನನಗೆ ಮರೆವು ಬಂದಿದೆಯೋ ಇಲ್ಲವೋ ಎಂದು ನೋಡುತ್ತಿದ್ದಾಳೆ — ಹೀಗೇ ಅಂದುಕೊಂಡೆ. ಬೇರೆ ಯಾವ ಕಾರಣವೂ ನನ್ನ ತಲೆಗೆ ಬರಲಿಲ್ಲ.

ಆಮೇಲೆ ಗೌರಿಯ ವಿಷಯ. ಗೌರಿ ಕೆಂಪಮ್ಮಕ್ಕನ ಅಣ್ಣನ ಮಗಳು, ಉಡಿಗಾಲದಲ್ಲಿ ಹುಟ್ಟಿ ನಮ್ಮೂರಿಗೇ ಸೊಸೆಯಾಗಿ ಬಂದವಳು. ಇಪ್ಪತ್ತರ ಹುಡುಗಿ. ಮೇಳದಲ್ಲಿ ಇರಲಿಲ್ಲ. ನಾನು ಹಿಪ್ಪುನೇರಳೆ ಸೊಪ್ಪು ತರಲು ಹೋಗಿದ್ದಾಗ, ರೇಷ್ಮೆ ಹುಳು ಸಾಕುವ ಮನೆಯ ಹಿಂದೆ ಕೋಲಿನ ಸದ್ದು ಕೇಳಿಸಿತು. ಇಣುಕಿದೆ. ಕೆಂಪಮ್ಮಕ್ಕನ ಎದುರಿಗೆ ಗೌರಿ ನಿಂತಿದ್ದಳು. ಎಡಗೈಯಲ್ಲಿ ಹಗ್ಗದ ಬದಲು ಒಂದು ಟವೆಲ್ಲು. ಮೂರು ಪೆಟ್ಟು ಹೊಡೆದಳು — ನನ್ನ ಮೂರು ಪೆಟ್ಟು. ಎಡಕ್ಕೆ ಹೊರಟಳು.

"ಮೊದ್ಲು ಒಳಗಮ್ಮಿ, ಒಳಗೆ. ಎರಡನೇ ಹಗ್ಗ ಯಾವತ್ತೂ ಮೊದ್ಲು ಒಳಗೇ ಓಗಾದು" ಎನ್ನುತ್ತಿದ್ದಳು ಕೆಂಪಮ್ಮಕ್ಕ.

ಸೊಪ್ಪಿನ ಹೊರೆ ಹೊತ್ತುಕೊಂಡು ಸದ್ದಿಲ್ಲದೆ ಬಂದುಬಿಟ್ಟೆ. ಅಷ್ಟೇ ಸಾಕಿತ್ತು ನನಗೆ. ಮಂಡಿ ಕೇಳಿದ್ದು, ಹಾಡು ಹೇಳಿಸಿದ್ದು, ಈಗ ಇದು. ಗುಂಡ್ಲುಪೇಟೆಯವರೆಗೆ ನನ್ನನ್ನು ದುಡಿಸಿಕೊಂಡು ಆಮೇಲೆ ತೆಗೆದು ತನ್ನ ಅಣ್ಣನ ಮಗಳನ್ನು ನಿಲ್ಲಿಸುತ್ತಾಳೆ. ಅವಳನ್ನೇ ಕೇಳಬಹುದಿತ್ತು. ಮನೆಯಿಂದ ಮನೆಗೆ ನಲವತ್ತು ಹೆಜ್ಜೆ. ಕೇಳಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ನನ್ನನ್ನು ತೆಗೆಯುವವಳು ತಾನೂ ಉಳಿಯಬಾರದು — ಇದು ನನ್ನ ಮನಸ್ಸಿನಲ್ಲಿ ಬಂದ ಮಾತು. ಅದನ್ನು ಬಣ್ಣ ಹಚ್ಚಿ ಬರೆಯಲು ನನಗೆ ಬರುವುದಿಲ್ಲ.

ಗಾಡಿ ಕಟ್ಟಿಕೊಂಡು ದೊಡ್ಡ ರಸ್ತೆಗೆ ಹೋಗಿ, ಚಾಮರಾಜನಗರದಿಂದ ಬರುವ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆವು. ಮಹದೇವಪ್ಪ ಅದೇ ಬಸ್ಸಿನಲ್ಲಿ ಮುಂದೆ ಕೂತಿದ್ದ, ಬಿಳೀ ಪಂಚೆ, ಕೋಟು. ಗೌರಿಯೂ ಬಂದಿದ್ದಳು, ಕೆಂಪಮ್ಮಕ್ಕನ ಪಕ್ಕದಲ್ಲಿ. ನೋಡಲು ಬಂದಿದ್ದಾಳೆ ಎಂದರು. ನಾನು ನಂಬಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಸರದಿ. ಮೈದಾನದ ನಡುವೆ ಕಂಬ ನೆಟ್ಟು ಬಳೆ ಕಟ್ಟಿದ್ದರು. ನೂರಾರು ಜನ. ಕೇರಳದ ಕಡೆ ಹೋಗುವ ಲಾರಿಯವರು ಕೂಡ ಲಾರಿ ನಿಲ್ಲಿಸಿ ನಿಂತಿದ್ದರು. ಮೂರು ಪೆಟ್ಟು ಹೊಡೆದೆ. ಹೊರಟೆವು. ಕೆಂಪಮ್ಮಕ್ಕ ಆ ದಿನ ಕುಣಿದಂತೆ ನಾನು ಯಾರನ್ನೂ ನೋಡಿಲ್ಲ. ಅರವತ್ತು ದಾಟಿದ ಮೈ ಅಂತ ಅನ್ನಿಸಲಿಲ್ಲ. ಹಾಡು ಅವಳ ಬಾಯಿಂದ, ಹೆಜ್ಜೆ ಅವಳ ಕಾಲಿಂದ, ಏದುಸಿರು ಮಾತ್ರ ಎಲ್ಲೂ ಇಲ್ಲ. ಮುಂದಿನ ಸಾಲಿನಲ್ಲಿ ಮಹದೇವಪ್ಪ ಕೈ ಕಟ್ಟಿಕೊಂಡು ಕೂತಿದ್ದವನು ಕೈ ಬಿಚ್ಚಿ ಮುಂದಕ್ಕೆ ಬಾಗಿದ್ದ.

ಆರನೇ ಸುತ್ತಿನಲ್ಲಿ ನಾವಿಬ್ಬರೂ ಎದುರಾದೆವು. ನಾನು ಒಳಗೆ, ಅವಳು ಹೊರಗೆ ದಾಟಬೇಕು. ನಾನು ಹೊರಗೆ ನುಗ್ಗಿದೆ. ಅವಳಿಗೆ ಬೇರೆ ದಾರಿಯೇ ಇರಲಿಲ್ಲ, ಒಳಗೆ ಸರಿದಳು. ಕೋಲಿನ ಪೆಟ್ಟು ತಪ್ಪಲಿಲ್ಲ, ಹಾಡು ನಿಲ್ಲಲಿಲ್ಲ. ಉಳಿದ ಆರು ಜನರಿಗೆ ತಿಳಿಯಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಇದು ಒಂದನೇ ಸಲ. ಎರಡನೇ ಸಲದ್ದು ಹೇಳದಿದ್ದರೆ ಇಷ್ಟೂ ಬರೆದದ್ದು ದಂಡ.

ಹಾಡು ಬದಲಾಯಿತು. ಬಿಚ್ಚುತ್ತ ಹಿಂದಕ್ಕೆ ಬಂದೆವು. ಅದೇ ಜಾಗ ಬಂತು. ಕೆಂಪಮ್ಮಕ್ಕ ಲೆಕ್ಕ ಇಟ್ಟುಕೊಂಡಿದ್ದಳು. ತಾನೇ ಒಳಗೆ ಬಂದು, ನನಗೆ ಹೊರಗೆ ದಾರಿ ಬಿಟ್ಟು, ಗಲ್ಲ ಎತ್ತಿ ಸನ್ನೆ ಮಾಡಿದಳು. ನಾನು ಹಾಗೆ ಹೊರಗಿಂದ ಹೋಗಿದ್ದರೆ ತಪ್ಪು ಬಿಚ್ಚಿಕೊಳ್ಳುತ್ತಿತ್ತು. ಯಾರಿಗೂ ತಿಳಿಯದೆ ಆಟ ಮುಗಿಯುತ್ತಿತ್ತು. ನಾನು ಸನ್ನೆ ನೋಡಿದೆ. ನೋಡಿಯೂ — ಒಳಗೆ ಹೋದೆ. ಅವಳ ಭುಜಕ್ಕೆ ನನ್ನ ಭುಜ ತಾಗಿತು. ಅವಳು ಹೊರಗೆ ಸರಿಯಬೇಕಾಯಿತು.

ಎರಡು ಹೆಜ್ಜೆ ಆಗಿರಬೇಕು. ಜಡೆ ಕಚ್ಚಿಕೊಂಡಿತು. ಎಂಟು ಹಗ್ಗವೂ ಬಿಗಿಯಾದವು. ಎಳೆದರೆ ಕಂಬ ಅಲುಗಿತು. ನಿಂತೆವು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಅಜ್ಜೀಗೆ ಮಲಗೋ ಹೊತ್ತಾಯ್ತು ಕಣ್ರಪ್ಪಾ, ಕರ್ಕಂಡೋಗಿ." ನಗು ಎದ್ದಿತು. ಕುರ್ಚಿಯ ಮೇಲಿದ್ದ ಅಧಿಕಾರಿಗಳೂ ನಕ್ಕರು. ಗ್ರಾಮಸೇವಕ ಓಡಿ ಬಂದು, ಮುಂದಿನ ಕಾರ್ಯಕ್ರಮ ಇದೆ, ಬಳೆ ಸಮೇತ ಇಳಿಸಿಕೊಂಡು ಹೋಗಿ ಎಂದ.

ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕೆಂಪಮ್ಮಕ್ಕ ಜಡೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ನಾವು ನೀರಿಲ್ಲದೆ ಸುತ್ತ ಕೂತೆವು. ಒಬ್ಬೊಬ್ಬರು ಒಂದೊಂದು ಹೇಳಿದರು. ನಾನಲ್ಲಪ್ಪ, ನನ್ನ ಹಗ್ಗ ಸಡಿಲವೇ ಇತ್ತು, ಅವಳು ಮುಂಚೆ ತಿರುಗಿದಳು — ಹೀಗೆ. ಹೆಣೆದವಳಿಗೆ ಜಡೆ ಓದಲು ಬರುತ್ತದೆ. ಎಳೆ ಎಳೆಯಾಗಿ ಬಿಡಿಸುತ್ತ ಬಂದು, ಕೆಂಪು ಹಳದಿ ಕೂಡಿದ ಕಡೆ ಅವಳ ಬೆರಳು ನಿಂತಿತು. ದಾಟುವುದು ಇಬ್ಬರು. ಆ ಗುರುತು ನೋಡಿದರೆ ತಪ್ಪು ಅವಳದೂ ಆಗಬಹುದು, ನನ್ನದೂ ಆಗಬಹುದು. ಯಾರದೆಂದು ಗೊತ್ತಿದ್ದದ್ದು ಇಬ್ಬರಿಗೇ.

ಅವಳು ನನ್ನ ಮುಖ ನೋಡಲಿಲ್ಲ. ಮಂಡಿ ನೋಡಿ, ಇತರರಿಗೆ ಕೇಳಿಸದ ಹಾಗೆ ಕೇಳಿದಳು:

"ಮಂಡಿ ನೋಯ್ತಿತ್ತಾ ಸಿದ್ದಿ?"

ಆ ದಿನ ನನ್ನ ಮಂಡಿ ನೋಯುತ್ತಿರಲಿಲ್ಲ. ಅಷ್ಟು ಹಗುರವಾಗಿ ನಾನು ಆ ವರ್ಷ ಎಂದೂ ಕುಣಿದಿರಲಿಲ್ಲ.

"ಹೂಂ ಕಣಕ್ಕ, ನೋಯ್ತಿತ್ತು" ಎಂದೆ.

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಮಹದೇವಪ್ಪ ಬಂದು ನಿಂತ. ಅವನು ಏನೂ ಕೇಳುವ ಮೊದಲೇ ಕೆಂಪಮ್ಮಕ್ಕ ಹೇಳಿದಳು:

"ಇವರ್ದೇನೂ ಇಲ್ಲ ಮಗ. ನಂದೇ ತಪ್ಪು. ದಾಟೋ ಕಡೇಲಿ ಲೆಕ್ಕ ಬುಟ್ಬುಟ್ಟೆ."

ಅವನು ಸಿಟ್ಟು ಮಾಡಲಿಲ್ಲ. ಅವಳ ಕೋಲನ್ನು ಕೈಗೆ ತೆಗೆದುಕೊಂಡ. "ಆಯ್ತಲ್ಲವ್ವ. ಇನ್ ಸಾಕು" ಎಂದ. ಅವಳು ಸಾಕು ಎಂದಳು. ಮತ್ತೆ ತಲೆ ಬಗ್ಗಿಸಿ ಗಂಟು ಬಿಡಿಸುತ್ತ ಕೂತಳು. ನಾನು ಬಾಯಿ ತೆರೆಯಬಹುದಾಗಿದ್ದ ಹೊತ್ತು ಅದು — ತೆರೆಯಲಿಲ್ಲ.

ವಾರದ ಮೇಲೆ ಗೌರಿ ಬಾವಿಕಟ್ಟೆಯ ಹತ್ತಿರ ಸಿಕ್ಕಳು. ಕೆಂಪಮ್ಮತ್ತೆ ಊಟ ಸರಿಯಾಗಿ ಮಾಡುತ್ತಿಲ್ಲ ಎಂದಳು. ಆಮೇಲೆ, ಕೊಡ ಇಳಿಸಿ, ತಾನಾಗಿಯೇ ಹೇಳಿದಳು:

"ಗುಂಡ್ಲುಪೇಟೆದು ಚೆನ್ನಾಗ್ ಆದ್ರೆ ಎರಡ್ ಜಡೆ ಮಾಡನ ಅಂತಿತ್ತು ಚಿಕ್ಕವ್ವ, ಅತ್ತೆಗೆ. ಹದಿನಾರ್ ಜನ. ಒಂದ್ಕೆ ಅತ್ತೆ ಮುಂದಾಳು, ಇನ್ನೊಂದ್ಕೆ ನೀನು. ಅದ್ಕೇ ನಿನ್ ಜಾಗದ್ದು ನಂಗೆ ಹೇಳ್ಕೊಡ್ತಿದ್ಲು. ಮಾದೇವ್ ಬಾವ ಒಪ್ಪೋಗಂಟ ಯಾರ್ಗೂ ಹೇಳ್ಬೇಡ ಅಂದಿದ್ಲು."

ಹಾಡು ಹೇಳಿಸಿದ್ದು, ಎಲ್ಲಿ ಬದಲಿಸಬೇಕು ಎಂದು ಕೇಳಿದ್ದು — ಅದಕ್ಕೆ. ನನ್ನನ್ನು ತೆಗೆಯುವುದಕ್ಕಲ್ಲ, ಮುಂದೆ ನಿಲ್ಲಿಸುವುದಕ್ಕೆ.

ಇದನ್ನು ಕೇಳಿ ಅಲ್ಲೇ ಕುಸಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೆ ಆಗಲಿಲ್ಲ. ಇವಳು ಯಾಕೆ ಹೇಳುತ್ತಿದ್ದಾಳೆ ಎಂದು ಅನುಮಾನಪಟ್ಟೆ. ನಾನು ರೇಷ್ಮೆ ಮನೆಯ ಹಿಂದೆ ಇಣುಕಿದ್ದನ್ನು ಕಂಡಿದ್ದಾಳೆ, ಚುಚ್ಚುವುದಕ್ಕೆ ಕಟ್ಟಿದ ಮಾತು ಇದು ಎಂದುಕೊಂಡೆ. ಒಂದು ವರ್ಷ ಹಾಗೆಯೇ ಅಂದುಕೊಂಡೆ. ಆಮೇಲೆ ಕೆಂಪಮ್ಮಕ್ಕ ತಾನೇ ನನ್ನನ್ನು ಕರೆದು, ಮುಂದಾಳು ನೀನೇ ಆಗು, ಮೇಳ ನಿಲ್ಲಬಾರದು ಎಂದಳು. ಅಟ್ಟದ ಮೇಲೆ ಅವಳು ಹೊಸೆದಿಟ್ಟಿದ್ದ ಇನ್ನೂ ಎಂಟು ಹಗ್ಗ ತೆಗೆದು ಕೊಟ್ಟಳು, ಬೇಕಾದರೆ ಇಟ್ಟುಕೋ ಎಂದು. ಎಂಟೂ ಹೊಸವು. ಗೌರಿಯ ಮಾತು ನಿಜ ಎಂದು ಆಗ ತಿಳಿಯಿತು. ಹಗ್ಗಗಳನ್ನು ಮನೆಗೆ ತಂದೆ. ಎರಡನೆಯ ಜಡೆ ನಾನು ಯಾವತ್ತೂ ಕಟ್ಟಲಿಲ್ಲ. ಕಟ್ಟಲು ಕೈ ಬರಲಿಲ್ಲ.

ಕೆಂಪಮ್ಮಕ್ಕನಿಗೆ ಗೊತ್ತಿತ್ತೇ? ಮೊದಲನೇ ಸಲ ಮಂಡಿ ಎಂದು ಅವಳು ನಂಬಿರಬಹುದು. ಎರಡನೇ ಸಲ? ಸನ್ನೆ ನೋಡಿಯೂ ಒಳಗೆ ನುಗ್ಗಿದವಳದು ಮಂಡಿ ನೋವು ಅಂತ ಯಾವ ಮುಂದಾಳು ನಂಬುತ್ತಾಳೆ? ಆದರೂ ಮಂಡಿಯ ಬಗ್ಗೆ ಕೇಳಿದಳು. ನಾನು ನಿಜ ಹೇಳುತ್ತೇನೋ ಎಂದು ಕಾದಳೋ, ಸುಳ್ಳಿಗೆ ಜಾಗ ಮಾಡಿಕೊಟ್ಟಳೋ — ನನಗೆ ಇಂದಿಗೂ ತಿಳಿಯದು. ಗುಂಡ್ಲುಪೇಟೆಯ ಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಕುಣಿತ ಮುಗಿಸಿ ಬಂದಾಗಲೆಲ್ಲ ಜಗಲಿಯಿಂದ ಕೂಗಿ, ಗಂಟು ಬಿತ್ತಾ ಎಂದು ಕೇಳುತ್ತಿದ್ದಳು. ಇಲ್ಲ ಕಣಕ್ಕ ಎನ್ನುತ್ತಿದ್ದೆ. ಪ್ರತಿ ಸಲ ಅವಳ ದನಿಯಲ್ಲಿ ಏನಿದೆ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಏನೂ ಸಿಗಲಿಲ್ಲ.

ನಾನು ಎಪ್ಪತ್ತೆರಡರವರೆಗೂ ಕುಣಿದೆ. ನನ್ನ ಮಕ್ಕಳು ಬೇಡ ಎನ್ನಲಿಲ್ಲ. ಕಾಲ ಬದಲಾಗಿತ್ತು. ಈ ವಯಸ್ಸಿನಲ್ಲೂ ನೋಡಿ ಎಂದು ಹಾರ ಹಾಕಿದರು, ಮೊಮ್ಮಕ್ಕಳು ಫೋಟೋ ತೆಗೆಸಿದರು. ಕೆಂಪಮ್ಮಕ್ಕನಿಗೆ ನಗು ಸಿಕ್ಕ ವಯಸ್ಸಿಗೆ ನನಗೆ ಚಪ್ಪಾಳೆ ಸಿಕ್ಕಿತು. ನಾನು ಬೇಡ ಎನ್ನಲಿಲ್ಲ.

ಹೋದ ತಿಂಗಳು ಗೌರಿಗೆ ಹೇಳಿದೆ. ಈಗ ಅವಳೇ ಮುಂದಾಳು, ಅವಳಿಗೂ ಐವತ್ತಾಯಿತು. ಪೂರ್ತಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ.

"ಇದ ನಂಗ್ಯಾಕ್ ಹೇಳ್ತೀಯೆ ಚಿಕ್ಕವ್ವ? ಅತ್ತೆ ಹನ್ನೊಂದೊರ್ಷ ಆ ಜಗ್ಲಿ ಮ್ಯಾಲೇ ಕೂತಿದ್ಲಲ್ಲ. ಆಗ ನಿನ್ ಬಾಯಿ ಎಲ್ಲೋಗಿತ್ತು?" ಎಂದು ಎದ್ದು ಹೋದಳು.

ಅವಳು ಹೇಳಿದ್ದು ಸರಿ.

ಇನ್ನು ಉಳಿದವನು ಮಹದೇವಪ್ಪ. ಅವನಿಗೂ ವಯಸ್ಸಾಗಿದೆ, ಚಾಮರಾಜನಗರದಲ್ಲೇ ಇದ್ದಾನೆ. ತಾಯಿ ಸತ್ತ ದಿನ ನೆರೆದವರಿಗೆ ಹೇಳುತ್ತಿದ್ದ, ನಾನು ಅವತ್ತು ನಿಲ್ಲಿಸಿದ್ದು ಒಳ್ಳೆಯದೇ ಆಯಿತು, ಲೆಕ್ಕ ತಪ್ಪುವ ವಯಸ್ಸಿನಲ್ಲಿ ಕುಣಿದು ಎಲ್ಲಾದರೂ ಬಿದ್ದಿದ್ದರೆ ಏನು ಗತಿ ಎಂದು. ಅವನು ಹಾಗೆಯೇ ನಂಬಿಕೊಂಡಿದ್ದಾನೆ. ಅವನಿಗೆ ಹೇಳಲು ಹೊರಟಿದ್ದೇನೆ. ಹೊರಡುವಾಗಲೂ ನನ್ನ ಮೇಲೆ ನನಗೆ ಅನುಮಾನ — ಇದು ಕೆಂಪಮ್ಮಕ್ಕನ ಹೆಸರಿಗೋ, ನನ್ನ ನಿದ್ದೆಗೋ? ಯಾವುದಕ್ಕಾದರೂ ಆಗಲಿ. ಅವನ ನೆಮ್ಮದಿ ಕೆಟ್ಟರೂ ನಿಜ ಅವನಿಗೆ ಸೇರಬೇಕಾದದ್ದು. ಎದುರಿಗೆ ಕೂತರೆ ನಾನು ಮತ್ತೆ ಮಂಡಿ ಗಿಂಡಿ ಎಂದು ಮೆತ್ತಗೆ ಮಾಡಿಬಿಟ್ಟೇನು ಎಂದು ಮೊದಲೇ ಬರೆದಿಟ್ಟಿದ್ದೇನೆ. ಇದ್ದ ಹಾಗೆ ಅವನ ಕೈಗೆ ಕೊಡುತ್ತೇನೆ. ಅವನು ಓದಿ ಮುಗಿಸುವವರೆಗೆ ಎದ್ದು ಬರುವುದಿಲ್ಲ.

ಮಹದೇವಪ್ಪ, ಓದುತ್ತಿರುವವನು ನೀನಾದರೆ ಇದನ್ನು ತಿಳಿದುಕೋ. ನಿಮ್ಮವ್ವನ ಲೆಕ್ಕ ಆ ದಿನ ತಪ್ಪಿರಲಿಲ್ಲ. ನಾನು ಕೆಡಿಸಿದ್ದನ್ನು ಸರಿಮಾಡುವಷ್ಟು ಲೆಕ್ಕ ಅವಳ ಹತ್ತಿರ ಇತ್ತು. ಕಾಲೂ ಗಟ್ಟಿಯಾಗಿತ್ತು. ಸಾಯುವ ವರ್ಷವೂ ಕೆರೆ ಏರಿ ಹತ್ತಿ ಇಳಿದು ಸೌದೆ ತರುತ್ತಿದ್ದಳು, ನಾನು ನೋಡಿದ್ದೇನೆ. ಇನ್ನೂ ಹತ್ತು ವರ್ಷ ಕುಣಿಯುತ್ತಿದ್ದಳು ಅವಳು.